ಮುಂಡಿನ ಹಂತಗಳು

ಎರಡನೇ ವರ್ಷದ ರಜೆಯಲ್ಲಿ ನಲವತ್ತು ಗಂಟೆ
ನೋಡುತ್ತ ಕೂರಬೇಕು, ಮುಟ್ಟುವಂತಿಲ್ಲ.
ಕಾಸರಗೋಡಿನ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ
ಬಟ್ಟೆಯಂಗಡಿಯ ಮಹಡಿ ಮೇಲೆ ಕ್ಲಿನಿಕ್ಕು.
ಹದಿನೇಳು ಮೆಟ್ಟಿಲು. ಕಾಲು ಬಾರದವರು
ಇಷ್ಟು ಹತ್ತಿ ಬಂದರೆ ಅರ್ಧ ಗುಣವಾದಂತೆ
ಎಂದು ನಗುತ್ತಾರೆ ರಂಲತ್ ಮೇಡಂ,
ಬಾಡಿಗೆ ಕಡಿಮೆ ಎಂದೂ.

ನನ್ನ ಪಠ್ಯಪುಸ್ತಕ ದಪ್ಪ. ಅದರಲ್ಲಿ
ಒಂದೇ ಕೈಯಲ್ಲಿ ಶೂ ಲೇಸು ಬಿಗಿಯುವುದಿದೆ,
ಕೋಟಿನ ಗುಂಡಿಯಿದೆ, ಪ್ಯಾಂಟಿನ ಜಿಪ್ಪಿದೆ,
ಬ್ರೆಡ್ಡಿಗೆ ಬೆಣ್ಣೆ ಸವರಲು ಎರಡು ಪುಟ, ಚಿತ್ರ ಸಮೇತ.
ಮುಂಡು ಇಲ್ಲ.

ಕುಂಞಂಬು ಅವರ ಎಡಗೈ ಬಿದ್ದು ಐದು ತಿಂಗಳು.
ಯಾವ ಕೆಲಸ ಮೊದಲು ಕಲಿಯಬೇಕು ನಿಮಗೆ, ಎಂದು
ಮೇಡಂ ಮಲಯಾಳದಲ್ಲಿ ಕೇಳಿದರು,
ನಾನು ಕನ್ನಡದಲ್ಲಿ ಬರೆದುಕೊಂಡೆ.
ಉಣ್ಣುವುದಲ್ಲ, ಸಹಿಯಲ್ಲ, ಅವು ಬಲಗೈಯವು.
‘ದಾರಿಯಲ್ಲಿ ನಮ್ಮ ಮೇಷ್ಟ್ರು ಸಿಗುತ್ತಾರೆ.
ಎತ್ತಿ ಕಟ್ಟಿದ್ದನ್ನು ಇಳಿಬಿಡಬೇಕಲ್ಲ?
ಇಳಿಬಿಟ್ಟರೆ ಮತ್ತೆ ಕಟ್ಟಲಾಗುವುದಿಲ್ಲ.
ಮನೆಯಲ್ಲಾದರೆ ಹೆಂಡತಿ ಕಟ್ಟುತ್ತಾಳೆ,
ದಾರಿಯುದ್ದಕ್ಕೂ ಅವಳು ಬರಲಾದೀತೆ?
ಅದಕ್ಕೆ ದಾರಿಗೇ ಇಳಿಯುವುದಿಲ್ಲ ನಾನು.’

ನಮೂನೆಯಲ್ಲಿ ‘ಉದ್ದೇಶ’ದ ಕಾಲಂ ಒಂದೂವರೆ ಇಂಚು.
ಮರ್ಯಾದೆ, ಎಂದು ಬರೆದೆ. ಹೊಡೆದುಹಾಕಿದೆ.
ಉಡುಪು ಧರಿಸುವಿಕೆ, ಕೆಳಭಾಗ, ಎಂದು ಬರೆದೆ.

ರಾತ್ರಿ ಬಂದ್ಯೋಡಿನ ಮನೆಯಲ್ಲಿ
ಎಡಗೈಯನ್ನು ದುಪಟ್ಟದಿಂದ ಮೈಗೆ ಬಿಗಿದುಕೊಂಡು
ಚೂಡಿದಾರದ ಮೇಲೆಯೇ ಅಪ್ಪನ ಮುಂಡು ಸುತ್ತಿದೆ.
ಹಂತ ಒಂದು: ಬಾಗು. ಎರಡು: ಅಂಚು ಹಿಡಿ.
ಮೂರು: ಹಿಡಿದದ್ದನ್ನು ಸೊಂಟಕ್ಕೆ ತಾ.
ನಾಲ್ಕಕ್ಕೆ ಇನ್ನೊಂದು ಕೈ ಬೇಕು.
ನಾಲ್ಕರಲ್ಲೇ ಒಂಬತ್ತು ಸಲ ಬಿತ್ತು.
ತಮ್ಮ ವಿಡಿಯೋ ತೆಗೆದು ಉರುಳಾಡಿ ನಕ್ಕ.
ಮೊರ ತೊಡೆಯ ಮೇಲಿಟ್ಟು ಬೀಡಿ ಸುತ್ತುತ್ತಿದ್ದ ಅಮ್ಮ
ತಲೆಯೆತ್ತದೆ ಕೇಳಿದಳು: ಯಾರಿಗಿದು?

ಹೆಸರು ಹೇಳಬಾರದು, ಮೊದಲ ಸೆಮಿಸ್ಟರಿನ ಪಾಠ ಅದು.
ಯಾರೋ ಬೀಡಿ ಡಿಪೋದ ಹಳೇ ಚೆಕ್ಕರ್, ಎಂದುಬಿಟ್ಟೆ.
ಅಷ್ಟೇ ಹೆಚ್ಚಾಯಿತು.
ಎಲೆಯೊಳಗೆ ಕತ್ತರಿ ನಿಂತಿತು.
‘ವಾ ಕೈ?’ ಎಂದಳು. ಯಾವ ಕೈ?
ಎಡದ್ದು.
ಬಿಗಿ ಸಾಲದೆಂದು, ಹೊಗೆಸೊಪ್ಪು ಕಮ್ಮಿಯೆಂದು
ಇಪ್ಪತ್ತು ವರ್ಷ ಅಮ್ಮನ ಕಟ್ಟುಗಳನ್ನು ಆಚೆ ತಳ್ಳಿದ್ದು
ಬಲಗೈಯಿರಬೇಕು.
ಮುರಿದು ಬುಟ್ಟಿಗೆ ಹಾಕಲು ಎರಡೂ ಬೇಕು.

ಅಮ್ಮ ಒಂದು ಸುತ್ತಿದಳು, ಬಾಯಿ ಮಡಚಿ ನೂಲು ಬಿಗಿದಳು.
ಇನ್ನೊಂದು. ಮತ್ತೊಂದು. ಏಳನೆಯದಾದ ಮೇಲೆ:
‘ಗೋಡೆ ಇಲ್ಲವಾ ಊರಲ್ಲಿ?
ಸೊಂಟವನ್ನು ಗೋಡೆಗೆ ಒತ್ತಿ ನಿಲ್ಲಲಿ,
ಬಟ್ಟೆಯನ್ನು ಗೋಡೆ ಹಿಡಿದುಕೊಳ್ಳುತ್ತದೆ.
ನೀನು ಹೊಟ್ಟೆಯಲ್ಲಿದ್ದಾಗ ಈ ಕೈ ಸುಟ್ಟಿತ್ತು,
ಎರಡು ತಿಂಗಳು ನಾನು ಸೀರೆ ಉಟ್ಟದ್ದು ಹಾಗೆ.’

ಮೇಡಂ ಕೇಳಿ, ಹೂಂ, ನೋಡುವ, ಎಂದರು.
ಕಿಟಕಿಯ ಪಕ್ಕ ಕ್ಯಾಲೆಂಡರು ಸರಿಸಿ ಜಾಗ ಮಾಡಿದರು.
ಅವರು ಒರಗಿದರು. ಜಾರಿತು. ಒರಗಿದರು. ಜಾರಿತು.
ಸುಣ್ಣವೆಲ್ಲ ಸೊಂಟಕ್ಕೆ ಮೆತ್ತಿಕೊಂಡ ಮೇಲೆ
ನಿಂತಿತು ಮುಂಡು, ಮೊಣಕಾಲಿನ ಮೇಲೆ, ತುಸು ಓರೆ.
ಯಾರು ಹೇಳಿಕೊಟ್ಟದ್ದು, ಎಂದರು, ಕನ್ನಡದಲ್ಲಿ.
ಅವರಿಗೆ ಕನ್ನಡವಿದೆಯೆಂದು ನನಗೆ ಆವರೆಗೆ ಗೊತ್ತಿರಲಿಲ್ಲ.
ನನ್ನ ಅಮ್ಮ, ಎಂದೆ. ಬಂದ್ಯೋಡು ಡಿಪೋ,
ಪಾಸ್‌ಬುಕ್ಕು ನಾನೂರ ಹನ್ನೆರಡು.

ಗೋಡೆ ಬಿಟ್ಟು ನೆಟ್ಟಗಾದರು.
ಬಲಗೈ ಸೊಂಟಕ್ಕೆ ಹೋಯಿತು.
ಅಷ್ಟು ಕಷ್ಟದಲ್ಲಿ ಕಟ್ಟಿದ್ದು
ನಿಧಾನಕ್ಕೆ ಇಳಿಯಿತು ಹಿಮ್ಮಡಿಯವರೆಗೆ.
ಕೋಣೆಯಲ್ಲಿ ಮೇಷ್ಟ್ರು ಯಾರೂ ಇರಲಿಲ್ಲ.

ಮತ್ತೆ ಕಟ್ಟಲು ಎಷ್ಟು ನಿಮಿಷ ಹಿಡಿಯಿತು,
ಸಂಜೆ ವರದಿ ತಿದ್ದುತ್ತ ಮೇಡಂ ಕೇಳಿದರು.
ಗಡಿಯಾರ ಒತ್ತಲು ಮರೆತಿದ್ದೆ.
ಸಮಯದ ಕಾಲಂ ಖಾಲಿ.
ಒಂದು ಅಂಕ ಹೋಯಿತು.