೪೧೨೮

ಕಲಬುರಗಿ, ಸೂಪರ್ ಮಾರ್ಕೆಟ್ ಹಿಂದಿನ ಲ್ಯಾಬು.
ನನ್ನ ಥೈರಾಯ್ಡ್ ರಿಪೋರ್ಟು ಮೊಬೈಲಿಗೆ ಬಂತು,
ಲಿಂಕಿನ ಬಾಲಕ್ಕ ಒಂದು ನಂಬರು: ೪೧೨೭.
ಆ ಪುಟ ಬರದಾಕಿ ನಾನೇ.
ಬ್ಯಾಸಗಿ ಮಧ್ಯಾಹ್ನ, ಕರೆಂಟಿಲ್ಲ,
ಸುಮ್ಮನ ಏಳನ್ನ ಎಂಟು ಮಾಡಿದೆ.

ತೆರೀತು.
ಯಾರು ಅಂತ ಕೇಳಲಿಲ್ಲ, ಯಾಕ ಅಂತ ಕೇಳಲಿಲ್ಲ.
ಮಹಾನಂದಾ ತಳಕೇರಿ, ವಯಸ್ಸು ಮೂವತ್ನಾಕು,
ಕೆಳಗ ಕೆಂಪಕ್ಷರದಾಗ ಎರಡು ಶಬ್ದ.

ಓದಬಾರದಿತ್ತು. ಓದಿದೆ.

ಪಾಸ್‌ವರ್ಡಿಗೆ ದೊಡ್ಡಕ್ಷರ, ಸಣ್ಣಕ್ಷರ, ಒಂದು ಚಿಹ್ನೆ,
ಮ್ಯಾಲೆ ಫೋನಿಗೆ ಬರೋ ಆರಂಕಿ,
ಅಗಸಿಗೆ ಎಷ್ಟು ಕೀಲಿ ಜಡದಿದ್ದೆ ನಾ!
ಅಗಸಿ ದಾಟಿದವರು
ಯಾರ ಒಳಕೋಣಿಗಾದರೂ ಹೊಕ್ಕು
ಟ್ರಂಕ್ ತೆಗೀಬಹುದು ಅನ್ನೋದು ಮರತಿದ್ದೆ.

ನಮ್ಮವ್ವ ಹಾಲಿನವಗ ಪಡಸಾಲಿ ತನಕ ಬಿಡಾಕಿ,
ಬೀಗರಿಗೆ ಅಡಗಿಮನಿ ತನಕ.
ಅಲ್ಲಿಂದಾಚೆ ಹೆಜ್ಜಿ ಸಪ್ಪಳಾದರ
"ಯಾರದು?" ಅಂತಿದ್ದಳು, ದನಿ ಗುರ್ತಿದ್ದರೂ,
ಪ್ರತಿಸಲಾನೂ.
ಇಷ್ಟೇ ಬೇಕಿತ್ತು ನನ್ನ ಕೋಡಿಗೆ:
ಕೇಳಾವರು ಯಾರು, ಕಾಗದ ಯಾರದು.

ರಾತ್ರಿ ಎರಡಕ್ಕ ಬರದು ಮುಗಿಸಿದೆ.
ಎಂಟು ಒತ್ತಿದೆ. "ನಿಮಗೆ ಅನುಮತಿ ಇಲ್ಲ."
ಲಾಗ್ ತೆಗೆದು ನೋಡಿದೆ:
೪೧೨೮ ತೆರೆದವರು ಇಬ್ಬರೇ.
ಒಬ್ಬಾಕಿ ಆಕಿ.
ಲ್ಯಾಬಿನ ಸಾಹೇಬರಿಗೆ ಹೇಳಿದರ
"ಯಾರಿಗೂ ಗೊತ್ತಾಗಿಲ್ಲಲ್ಲ, ಬಿಡ್ರಿ ಮೇಡಂ" ಅಂದರು.

ನಿನ್ನೆ ಜಗತ್ ಸರ್ಕಲ್ಲಿನಾಗ
ಮಿರ್ಚಿ ಕಟ್ಟಿಸ್ಕೊಳ್ಳೋ ಹೆಣ್ಮಗಳನ್ನ
ಯಾರೋ "ಮಹಾನಂದಾ" ಅಂತ ಕರದರು.
ನಾ ತಿರುಗಲಿಲ್ಲ.
ಕೀಲಿ ಹಾಕೀನಿ, ಖರೆ.
ಒಳಗ ಉಳದಾಕಿ ನಾನು.