ಒಂಬತ್ತು ವೋಲ್ಟಿನ ಬ್ಯಾಡಗಿ

ಕುಂದ್ರು ಆಮೋಸ. ಆ ಖುರ್ಚಿ ಬ್ಯಾಡ, ಅದರ ಕಾಲು ಅಳ್ಳಾಡತೈತಿ.
ಆಂಪಿನ ಮ್ಯಾಲಿನ ಚಾದ ಕಪ್ಪ ಈ ಕಡೆ ಕೊಡು.
ಗುಂಯ್ ಅನ್ನೂದು ನನ್ನ ಪೆಡಲಲ್ಲ,
ಬಾಜೂಕ ಹೊಂಬಳರ ಪಾವರ್‌ಲೂಮು.
ಬೆಟಗೇರಿಯೊಳಗ ಮೌನ ಬೇಕಂದ್ರ
ಅಮಾಸಿಗೆ ಬರಬೇಕು, ಅವತ್ತ ಮಗ್ಗಕ್ಕ ಸೂಟಿ.

ಮದ್ಲ ಪೆಡಲ್ ಇಲ್ಲದ ಬಾರಸು.
ಹಾಂ. ತೊಳದಿಟ್ಟ ಸ್ಟೀಲಿನ ತಾಟು.
ಏನೂ ತಪ್ಪಿಲ್ಲ. ಅದ ತಪ್ಪು.
ಈಗ ಕಾಲಿಲೆ ಒತ್ತು.

ಕೇಳಿದೇನು?
ತಂತಿ ಅದ, ಬೆರಳು ಅವ,
ಆದ್ರ ಒಳಗ ಯಾರೋ ಕುಂತು
ಗಂಟಲ ಸರಿ ಮಾಡಿಕೊಂಡಂಗ.

ಡಬ್ಬಿಗೆ ಬಣ್ಣಾ ಆಟೋ ಪೇಂಟರ್ ರುದ್ರೇಶಿದು,
ಕಡುಗೆಂಪು. ಮೂಲ್ಯಾಗ ಒಂದು ನೊಣ ಸಿಕ್ಕೊಂಡೈತಿ,
ಅದಕ್ಕ ಐವತ್ತು ರೂಪಾಯಿ ಕಡಿಮಿ ತಗೊಂಡ.
ಹೆಸರು ಬ್ಯಾಡಗಿ. ಯಾಕಂತಿ?
ಬಣ್ಣ ರಗಡ, ಖಾರ ಕಡಿಮಿ.
ನಿಮ್ಮ ಹುಡುಗೂರು ಕೇಳತಾವಲ್ಲ ಡಿಸ್ಟಾರ್ಶನ್ನು,
ಅದು ಗುಂಟೂರು. ನಾಲಿಗಿ ಸುಟ್ಟ ಮ್ಯಾಲ
ಬದನಿಕಾಯೋ ಬೆಂಡಿಕಾಯೋ ಯಾರಿಗೆ ಗೊತ್ತಾಗಬೇಕು?
ಇದರಾಗ ನಿನ್ನ ಗಿಟಾರ್ ಯಾವುದಂತ ತಿಳೀತೈತಿ,
ನೀ ತಪ್ಪಿದ್ದೂ ತಿಳೀತೈತಿ.

ಮೂರ ಗುಂಡಿ. ಎಡಕಿಂದು ಗೇನು:
ಗಡಿಯಾರದ ಒಂಬತ್ತಕ್ಕ ಇಟ್ರ ಪ್ರಾರ್ಥನಿ,
ಮೂರಕ್ಕ ಇಟ್ರ ಜಗಳ. ಬಲಕಿಂದು ವಾಲ್ಯೂಮು.
ನಡುವಿಂದು ಟೋನು, ಅದನ್ನ ಸದ್ಯ ಮುಟ್ಟಬ್ಯಾಡ.
ಗುಂಡಿ ಬಿಡು, ಬೆರಳ ಕಡೆ ನೋಡು:
ಮೆಲ್ಲಕ ಮೀಟಿದಿ, ಸಾಫ್.
ಬಿಗದು ಮೀಟಿದಿ, ಅಂಚು ಹರೀತು.
ಅಲೆಯ ನೆತ್ತಿ ಡಯೋಡಿಗೆ ತಾಗಿ ದುಂಡಗಾಗತೈತಿ,
ಗಿಡ್ಡ ಬಾಗಲದಾಗ ಎತ್ತರದಾಂವ ತಲಿ ಬಗ್ಗಿಸಿದಂಗ.
ಬಗ್ಗದ ಬಡಕೊಂಡ್ರ ಮತ್ತ ಗುಂಟೂರ.

ಚರ್ಚಿನ್ಯಾಗ ನಡೀತೈತೇನು ಅಂತ ನನ್ನ ಕೇಳಬ್ಯಾಡ.
ಪಾಸ್ಟರಗ ಹೇಳು, ಹಾರ್ಮೋನಿಯಮ್ಮೂ
ಉಸುರು ಎಳಕೊಂಡ ಹಾಡತೈತಿ ಅಂತ.

ಅಲ್ಲಿ ಬಾಗಲದಾಗ ನಿಂತಾರಲ್ಲ, ನಮ್ಮಪ್ಪ.
ಮಕ್ತುಮ್ ಸೌಂಡ್ ಸರ್ವಿಸ್. ನಲವತ್ತು ವರ್ಷ
ಹರದ ಕೋನಿಗೆ ಪೇಪರ್ ಹಚ್ಚಿ, ಅಂಟು ಬಳದು,
ಒಡದ ಧ್ವನಿ ಕೂಡಿಸಿದ ಮನಷ್ಯಾ.
ಲಗ್ನದಾಗ ಹಾರ್ನು ಗರ್ರ್ ಅಂದ್ರ ಬಾಡಿಗಿ ಮುರಕೋತಿದ್ರು.
ಮದಲನೇ ಪೆಡಲ್ ಕೇಳಿದಾಗ ಅಂದಿದ್ರು,
"ಇದನ್ನ ತಗ್ಯಾಕ ನಾ ಹಣ್ಣಾದೆ,
ಇದನ್ನ ಹಾಕಾಕ ನೀ ಆರು ಸಾವಿರ ತಗೋತಿ, ದಿಲ್ಶಾದ?"
ಆಮ್ಯಾಗ ಮಾತಿಲ್ಲ. ಎರಡು ದಿನ ಬಿಟ್ಟು
ತಂಬಾಕದ ಡಬ್ಬಿ ತಂದು ಬೆಂಚಿನ ಮ್ಯಾಲ ಸುರುವಿದ್ರು:
ಸತ್ತ ರೇಡಿಯೋಗಳ ಡಯೋಡು, ಗಾಜಿನ ಮೈ.
ಕುಂತು ಅಕ್ಕಿ ಹಸನ ಮಾಡಿದಂಗ ಮಾಡಿದೆ.
ನೂರಾ ಹದಿನೇಳರಾಗ ಜೋಡಿ ಕೂಡಿದ್ದು ಮೂವತ್ತೊಂದ.
ಅಷ್ಟ ಪೆಡಲು. ಮುಂದ? ಮುಂದ ಗೊತ್ತಿಲ್ಲ.

ಇನ್ನೊಂದ್ಸಲ ಆ ಸಾಲು, ನಿಧಾನಕ...

ಹೋತು ನೋಡು ಕರೆಂಟು.

ಮಗ್ಗಾನೂ ನಿಂತವು. ಓಣಿ ತುಂಬ ಒಮ್ಮೆಲೆ
ಎದುರು ಮನಿ ಮುದುಕಿ ಕೆಮ್ಮೂದು ಕೇಳೂವಷ್ಟು ಜಾಗ.
ಆಂಪು ಸತ್ತಿತ್ತು. ಪೆಡಲಿನ ದೀಪ ಮಾತ್ರ
ಬ್ಯಾಟರಿ ಮ್ಯಾಲ ಉರೀತಿತ್ತು,
ಯಾರಿಗೂ ಕೇಳದ್ದಕ್ಕ ಬಣ್ಣಾ ಹಚಗೋತ.

ಅಪ್ಪ ಬಂದು ಕುಂತ್ರು, ಅದ ಅಳ್ಳಾಡೂ ಖುರ್ಚಿ ಮ್ಯಾಲ.
"ಕಬಡ್ಡಿ ಫೈನಲ್ಲು, ಮುಳಗುಂದ," ಅಂದ್ರು.
"ಕೋನು ಹರದಿತ್ತು. ನನ್ನ ಗಂಟಲಾನೂ ಹರದಿತ್ತು.
ಅಂಕಣದಾಗ ಒಬ್ಬನ ಉಳದಿದ್ದ. ಅವನ ಹೆಸರ ಕೂಗಿದೆ.
ಮಂದಿ ಎದ್ದ ನಿಂತಿದ್ದು ಅದಕ್ಕೋ ಏನೋ."

ಬಗ್ಗಿದ್ರು. ಕತ್ತಲದಾಗ ಕೈಯಾಡಿಸಿ
ನಡುವಿನ ಗುಂಡಿ ಹುಡುಕಿ
ಒಂದ ಎಳಿ ಎಡಕ್ಕ ತಿರುವಿದ್ರು.
"ಈಗ ಬಾರಸು ತಮ್ಮಾ."

ಆಮೋಸ ನನ್ನ ಕಡೆ ನೋಡಿ, ಬಾರಿಸಿದ.
ಒಣ ತಂತಿ. ಸೊಳ್ಳಿ ಧ್ವನಿ.
"ಹಾಂ," ಅಂದ್ರು ಅಪ್ಪ, "ಹಿಂಗ ಬೇಕಿತ್ತು."