ಹೆಪ್ಪು

ರಾತ್ರಿ ಪಾಳಿ. ವಸಂತನರಸಾಪುರದ ಕೊನೇ ಶೆಡ್ಡು.
ಶಿರಾದಿಂದ ಬಂದ ಐಸಿನ ಡ್ರಮ್ಮುಗಳಲ್ಲಿ
ಸುರುಳಿ ಸುರುಳಿ ಕರುಳು,
ಮಧ್ಯಾಹ್ನದವರೆಗೂ ಹುಲ್ಲು ಹೊತ್ತು ನಡೆದಿದ್ದು.

ಗೊಲ್ಲರಹಟ್ಟಿಯವಳು, ಕುರಿಯ ಒಳಗು ನನಗೆ ಹೊಸದಲ್ಲ.
ಆದರೂ ಮೊದಲ ವಾರ ಕೆರೆಯುವ ಯಂತ್ರದ ಮುಂದೆ
ಯಾರ ಮಂದೆಯದೋ ಇದು ಅಂತ ಹುಡುಕುತ್ತಿದ್ದೆ.
ಕಿವಿಯ ಕಚ್ಚು ನೋಡೋಣವೆಂದರೆ
ಕಿವಿ ಎಲ್ಲಿದೆ?

ಈಗ ಹುಡುಕುವುದಿಲ್ಲ. ಲೋಳೆಗೆ ಉಪ್ಪು, ಕ್ಷಾರ, ಕಿಣ್ವ,
ಒಂದು ಹದದ ಬಿಸಿ: ಅವ್ವ ಬೆರಳದ್ದಿ ನೋಡುವ
ಹೆಪ್ಪಿನ ಹಾಲಿಗಿಂತ ತುಸು ಜೋರು.
ಆಮೇಲೆ ರಾಳದ ಮಣಿ, ಸಾಸಿವೆಗಿಂತ ಸಣ್ಣವು,
ಬೇಕಾದ್ದನ್ನು ಕಚ್ಚಿ ಹಿಡಿಯುತ್ತವೆ.
ತೆಳು ಉಪ್ಪುನೀರಿಗೆ ಬಿಡವು,
ಕಡು ಉಪ್ಪುನೀರಿಗೆ ಬಿಡುತ್ತವೆ.
ಜನರ ಹಾಗೇ, ಅನ್ನುತ್ತಾನೆ ಕೆಮಿಸ್ಟ್ ಹಿದಾಯತ್.
ನಾನು ನಗುವುದಿಲ್ಲ, ಕೈ ವಾಲ್ವಿನ ಮೇಲೆ.

ಸ್ಪಿರಿಟ್ಟು ಸುರಿದಾಗ ಮಾತ್ರ ನೋಡಬೇಕು,
ತಿಳಿಯೊಳಗೆ ಮೋಡ ಇಳಿದ ಹಾಗೆ
ಬೆಳ್ಳಗೆ ಕೂರುತ್ತದೆ ತಳದಲ್ಲಿ.
ಮಂದೆಗಟ್ಟಲೆ ಕುರಿಗೆ ಒಂದು ಹಿಡಿ ಪುಡಿ.
ಅದಕ್ಕೆ ವಾಸನೆಯೇ ಇಲ್ಲ. ವಾಸನೆಯೆಲ್ಲ ನನ್ನ ಪಾಲು:
ಬೆಳಗಿನ ಬಸ್ಸಲ್ಲಿ ಪಕ್ಕದ ಸೀಟು ಖಾಲಿ,
ಹಟ್ಟಿಯ ಬೇಲಿಯಾಚೆ ಅವ್ವ ಇಟ್ಟ ಬಿಸಿನೀರು.

ಮದ್ದಿನ ಹೆಸರು ಹೆಪಾರಿನ್ ಅಂದಾಗ
ನಕ್ಕಿದ್ದಳು, "ಹೆಪ್ಪಾಕೋಕಾ?"
ಅಲ್ಲವ್ವ, ಹೆಪ್ಪುಗಟ್ಟದಿರೋಕೆ.
ಅವಳ ಕೈಲಿದ್ದ ಮಜ್ಜಿಗೆ ಸೌಟು ಹಾಗೇ ನಿಂತಿತು.
ಹಾಲು ಕೆಡಿಸುವ ಕೆಲಸ ಅಂದುಕೊಂಡಳೋ ಏನೋ.

ಅಣ್ಣ ಜುಂಜಣ್ಣ ವಾರಕ್ಕೆರಡು ಸಲ
ತುಮಕೂರಿನ ದೊಡ್ಡಾಸ್ಪತ್ರೆಯಲ್ಲಿ ಯಂತ್ರದ ಪಕ್ಕ ಮಲಗುತ್ತಾನೆ.
ನೆತ್ತರು ಹೊರಗೆ ಬಂದು, ಕೊಳವೆಯಲ್ಲಿ ಸುತ್ತಿ,
ತೊಳೆಸಿಕೊಂಡು ಮೈಗೆ ಮರಳುತ್ತದೆ.
ದಾರಿಯಲ್ಲಿ ಗಟ್ಟಿಯಾಗಬಾರದು, ಅಷ್ಟೇ.

ನರ್ಸಮ್ಮ ಸೀಸೆ ತೆಗೆದಾಗ ಇಣುಕಿದೆ,
ನಮ್ಮ ಶೆಡ್ಡಿನ ನಂಬರು ಇದ್ದೀತೆಂದು.
ಇಲ್ಲ. ಇರುವೆಯಂಥ ಅಕ್ಷರದಲ್ಲಿ: ಹಂದಿಯ ಕರುಳಿನಿಂದ.
ನಮ್ಮ ಕುರಿಯದು ಹಡಗು ಹತ್ತುತ್ತದಂತೆ,
ಹಂದಿ ಒಲ್ಲದ ದೇಶಗಳಿಗೆ.

ಹಂದಿಯ ನೆರಳು ತಾಗಿದರೂ
ಮೈತೊಳೆದೇ ಗುಡಿಯ ಮೆಟ್ಟಿಲು ಹತ್ತುವವನು ನನ್ನಣ್ಣ.
"ನೀನೇ ಮಾಡಿದ್ದೇನೇ ಇದು?" ಕೇಳಿದ,
ಊದಿದ ಮುಖದಲ್ಲಿ ಅಷ್ಟು ಹೆಮ್ಮೆ.

ಹ್ಞೂಂ ಅಂದೆ,
ಅವನ ಹೊದಿಕೆ ಸರಿಮಾಡುತ್ತಾ.
ಕೊಳವೆಯಲ್ಲಿ ಕೆಂಪು ಎಲ್ಲೂ ತಡೆಯದೆ ಹೋಗುತ್ತಿತ್ತು.